ಬಿಡದ ಬಣ್ಣ: ಜೆಲ್ ಪಾಲಿಶ್ ತೆಗೆಯುವ ಕಷ್ಟ ಎಲ್ಲಿಂದ ಬಂತು

ಉಗುರಿಗೆ ಹಚ್ಚಿದ ಜೆಲ್ ಪಾಲಿಶ್ ಬಿಡುತ್ತಿಲ್ಲ ಎಂದಾಗಲೆಲ್ಲ ತಪ್ಪನ್ನು ರಿಮೂವರ್ ಬಾಟಲಿಯ ಮೇಲೆ ಹೊರಿಸುವುದು ರೂಢಿ. ಹಾಗಾಗಿ ಪರಿಹಾರವನ್ನೂ ಅದೇ ದಿಕ್ಕಿನಲ್ಲಿ ಹುಡುಕುತ್ತಾರೆ: ಇನ್ನೂ ಖಾರವಾದ ದ್ರಾವಕ, ಇನ್ನೂ ಹರಿತವಾದ ಉಪಕರಣ, ಇನ್ನೂ ಬಲವಾದ ಕೆರೆತ. ಉಗುರುಬಣ್ಣದ ಸುಮಾರು ನೂರು ವರ್ಷದ ರಸಾಯನವನ್ನು ಒಂದಾದ ಮೇಲೊಂದರಂತೆ ನೋಡುತ್ತ ಬಂದರೆ ಈ ದಿಕ್ಕೇ ತಪ್ಪೆಂದು ತಿಳಿಯುತ್ತದೆ. ಬಣ್ಣ ಹೇಗೆ ಬಿಡುತ್ತದೆ ಎಂಬುದು ಬಹುಮಟ್ಟಿಗೆ ಅದನ್ನು ಹಚ್ಚಿದ ದಿನವೇ ತೀರ್ಮಾನವಾಗಿರುತ್ತದೆ. ಹಚ್ಚಿದ್ದು ಯಾವ ವಸ್ತು, ಎಷ್ಟು ದಪ್ಪ, ಯಾವ ದೀಪದಡಿ ಎಷ್ಟು ಹೊತ್ತು ಇಟ್ಟರು, ಹಚ್ಚುವ ಮೊದಲು ಉಗುರನ್ನು ಎಷ್ಟು ಉಜ್ಜಿದರು ಎಂಬ ನಾಲ್ಕು ಸಂಗತಿ ಗೊತ್ತಿದ್ದರೆ ತೆಗೆಯುವಾಗಿನ ಮುಕ್ಕಾಲು ತೊಡಕಿಗೆ ಕಾರಣ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಬಲಪ್ರಯೋಗ ಒಂದೇ ಉಳಿಯುತ್ತದೆ, ಅದರ ಪೆಟ್ಟು ಬೀಳುವುದು ಉಗುರಿಗೆ.

ಹಳೆಯ ಉಗುರುಬಣ್ಣಕ್ಕೆ ಈ ಸಮಸ್ಯೆಯೇ ಇರಲಿಲ್ಲ. 1920ರ ದಶಕದಲ್ಲಿ ಮೋಟಾರುಗಾಡಿಗಳಿಗೆ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿಯತೊಡಗಿದರು. ಅದೇ ಜಾತಿಯ ವಸ್ತು ಉಗುರಿಗೂ ಇಳಿಯಿತು. 1932ರಲ್ಲಿ ಹುಟ್ಟಿದ ರೆವ್ಲಾನ್ ಕಂಪನಿ ಗಾಢವಾದ, ಪಾರದರ್ಶಕವಲ್ಲದ ಬಣ್ಣಗಳನ್ನು ಮಾರಿ ಇದನ್ನು ದೊಡ್ಡ ವ್ಯಾಪಾರವಾಗಿಸಿತು. ಈ ಬಣ್ಣ ಒಣಗುವುದೆಂದರೆ ಅದರಲ್ಲಿರುವ ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕಗಳು ಆವಿಯಾಗಿ ಹೋಗುವುದು, ಅಷ್ಟೆ. ಹೊಸ ರಾಸಾಯನಿಕ ಕೊಂಡಿ ಯಾವುದೂ ಬೆಸೆಯುವುದಿಲ್ಲ. ಉಳಿದ ಪದರಕ್ಕೆ ಮತ್ತೆ ದ್ರಾವಕ ತಾಗಿಸಿದರೆ ಅದು ಬಾಟಲಿಯಲ್ಲಿದ್ದ ಸ್ಥಿತಿಗೇ ಮರಳುತ್ತದೆ, ಹತ್ತಿಯಲ್ಲಿ ಒಮ್ಮೆ ಒರೆಸಿದರೆ ಬಂದುಬಿಡುತ್ತದೆ. ನಾಲ್ಕೈದು ದಿನಕ್ಕೆ ಅಂಚು ಕಿತ್ತುಬರುತ್ತದೆ ಎಂಬ ಕೊರತೆಗೂ, ಅರ್ಧ ನಿಮಿಷದಲ್ಲಿ ಹೋಗುತ್ತದೆ ಎಂಬ ಅನುಕೂಲಕ್ಕೂ ಕಾರಣ ಒಂದೇ. ಇವತ್ತು ಜೆಲ್ ಮೇಲೆ ಹತ್ತಿ ಉಜ್ಜುವವರ ಕೈಯಲ್ಲಿ ಉಳಿದಿರುವುದು ಆ ಕಾಲದ ಅಭ್ಯಾಸ.

ಬಾಳಿಕೆಯ ಹಂಬಲ ಉಗುರನ್ನು ದಂತವೈದ್ಯರ ಸಾಮಗ್ರಿಯ ಕಡೆಗೆ ಒಯ್ದಿತು. ಕೃತಕ ಹಲ್ಲು ಮಾಡಲು ಬಳಸುತ್ತಿದ್ದ ದ್ರವ ಮತ್ತು ಪುಡಿಯ ಅಕ್ರಿಲಿಕ್ ಮಿಶ್ರಣ ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಕೃತಕ ಉಗುರಾಯಿತು. ಮೊದಮೊದಲು ಅದರಲ್ಲಿ ಮೀಥೈಲ್ ಮೆಥಾಕ್ರಿಲೇಟ್ ಇರುತ್ತಿತ್ತು. ಅದು ವಿಪರೀತ ಗಡುಸು, ಅಸಿಟೋನಿಗೆ ಸುಲಭಕ್ಕೆ ಜಗ್ಗದು. ಎಲ್ಲಿಗಾದರೂ ಸಿಕ್ಕಿಕೊಂಡರೆ ತಾನು ಮುರಿಯುವ ಬದಲು ನಿಜವಾದ ಉಗುರನ್ನೇ ಕಿತ್ತುಕೊಂಡು ಬರುತ್ತಿತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ಗಾಯ ಮತ್ತು ಅಲರ್ಜಿಯ ದೂರುಗಳು ಹೆಚ್ಚಿದಾಗ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಂಥ ಉತ್ಪನ್ನಗಳ ವಿರುದ್ಧ ನ್ಯಾಯಾಲಯದ ಮೂಲಕ ಕ್ರಮ ಕೈಗೊಂಡಿತು. ಉದ್ಯಮ ಈಥೈಲ್ ಮೆಥಾಕ್ರಿಲೇಟಿನತ್ತ ಹೊರಳಿತು. ಬಿಡದ ಉಗುರಿಗೆ ಇನ್ನೂ ಬಲವಾದ ದ್ರಾವಕ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೂ ಮುಂದಿನ ದಶಕದಲ್ಲಿ ನಿದರ್ಶನವಿದೆ. ಕೃತಕ ಉಗುರಿನ ಅಂಟು ಬಿಡಿಸಲು ಆಗ ಅಸಿಟೋನೈಟ್ರೈಲ್ ಬಳಸುತ್ತಿದ್ದರು. ಹೊಟ್ಟೆಗೆ ಹೋದರೆ ಅದು ದೇಹದೊಳಗೆ ಸಯನೈಡ್ ಆಗಿ ಒಡೆಯುತ್ತದೆ. ಒಂದೂವರೆ ವರ್ಷ ತುಂಬದ ಮಗುವೊಂದು ಅಂಥ ರಿಮೂವರ್ ಕುಡಿದು ಸತ್ತ ಪ್ರಕರಣ 1988ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವರದಿಯಾಯಿತು. ಹೆಸರು ಅಸಿಟೋನಿಗೆ ಹತ್ತಿರ, ಗುಣ ಬಹಳ ದೂರ. ಮನೆಯ ಕಪಾಟಿನಲ್ಲಿ ಏನಿದೆ ಎಂದು ಓದಿ ನೋಡಬೇಕಾದ್ದು ಇದಕ್ಕೇ.

ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಜೆಲ್ 1980ರ ದಶಕದಲ್ಲೇ ಬಂದಿತ್ತು. ಆದರೆ ಅದು ದ್ರಾವಕವನ್ನು ಒಳಗೆ ಬಿಟ್ಟುಕೊಳ್ಳದ ಗಟ್ಟಿ ಜೆಲ್. ಅರದಿಂದ ಉಜ್ಜಿ ತೆಗೆಯುವುದೊಂದೇ ದಾರಿ. ಎಲ್ಲರ ಕೈಗೂ ತಲುಪಿದ್ದು ಅದರ ನಂತರದ ಸಂತಾನ. 2010ರಲ್ಲಿ ಸಿಎನ್‌ಡಿ ಕಂಪನಿಯ ಶೆಲ್ಯಾಕ್ ಎಂಬ ಉತ್ಪನ್ನ, ಅದರ ಆಸುಪಾಸಿನಲ್ಲೇ ಬಂದ ಇತರ ಬ್ರಾಂಡುಗಳು ಒಂದು ಹೊಸ ಮಾತು ಕೊಟ್ಟವು: ಎರಡು ವಾರ ಹೊಳಪು ಮಾಸದು, ಬೇಕೆಂದಾಗ ಅಸಿಟೋನಿನಲ್ಲಿ ನೆನೆಸಿ ತೆಗೆಯಬಹುದು. ಈ ಮಾತಿನ ಎರಡು ತುದಿಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಜೆಲ್‌ನಲ್ಲಿರುವ ಅಕ್ರಿಲೇಟ್, ಮೆಥಾಕ್ರಿಲೇಟ್ ಅಣುಗಳು ಬೆಳಕು ಬಿದ್ದಾಗ ಕೈಕೈ ಹಿಡಿದು ಮೂರು ಆಯಾಮದ ಬಲೆಯಾಗುತ್ತವೆ. ಈ ಅಡ್ಡಕೊಂಡಿಗಳು ಒತ್ತಾದಷ್ಟೂ ಬಾಳಿಕೆ ಹೆಚ್ಚು, ಅಸಿಟೋನಿಗೆ ಪ್ರವೇಶ ಕಡಿಮೆ. ಕೊಂಡಿಗಳನ್ನು ತುಸು ಸಡಿಲವಾಗಿಟ್ಟು ದ್ರಾವಕಕ್ಕೆ ಸಂದು ಬಿಡುವುದೇ ನೆನೆಸಿ ತೆಗೆಯುವ ಜೆಲ್‌ನ ಒಳಗುಟ್ಟು. ಹಾಗಿದ್ದರೂ ಅಸಿಟೋನ್ ಈ ಬಲೆಯನ್ನು ಕರಗಿಸುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಗೊಂದಲಗಳೆಲ್ಲ ಇಲ್ಲಿಂದಲೇ ಹೊರಡುತ್ತವೆ. ಅದು ಒಳಗೆ ಹೊಕ್ಕು ಬಲೆಯನ್ನು ಉಬ್ಬಿಸುತ್ತದೆ. ಉಬ್ಬಿದ ಪದರಕ್ಕೂ ಉಬ್ಬದ ಉಗುರಿಗೂ ನಡುವಿನ ಹಿಡಿತ ತಪ್ಪಿ ಬಣ್ಣ ಸಿಪ್ಪೆಯಾಗಿ ಎದ್ದು ಬರುತ್ತದೆ. ನೆನೆದ ಅವರೆಕಾಳನ್ನು ಹಿತುಕಿದರೆ ಸಿಪ್ಪೆ ತಾನಾಗಿ ಜಾರುವ ಹಾಗೆ: ನೆನೆಯದ ಕಾಳನ್ನು ಎಷ್ಟು ಅದುಮಿದರೂ ಸಿಪ್ಪೆ ಬಾರದು, ಕಾಳೇ ಒಡೆದೀತು.

ಹೀಗೆ ನೋಡಿದರೆ, ಬಿಡದ ಜೆಲ್‌ನ ಮುಂದೆ ಕೇಳಬೇಕಾದ ಪ್ರಶ್ನೆ ಅಸಿಟೋನ್ ಒಳಗೆ ಹೋಗಿದೆಯೇ ಎಂಬುದು. ಹೋಗದಿರಲು ಸಾಮಾನ್ಯ ಕಾರಣ ಟಾಪ್ ಕೋಟ್. ಒರೆಸುವ ಅಗತ್ಯವಿಲ್ಲದ, ಗಾಜಿನಂತೆ ಹೊಳೆಯುವ ಈಗಿನ ಟಾಪ್ ಕೋಟುಗಳ ಬಲೆ ಬಹಳ ಒತ್ತು. ಅವುಗಳ ಹೊಳಪು ಪೂರ್ತಿ ಮಸುಕಾಗುವಷ್ಟು ಅರ ತಾಗಿಸದೆ ಅಸಿಟೋನಿನಲ್ಲಿ ತೋಯಿಸಿದ ಹತ್ತಿಯಿಟ್ಟು ಫಾಯಿಲಿನಲ್ಲಿ ಸುತ್ತಿಟ್ಟರೆ ಅರ್ಧ ಗಂಟೆ ಕಳೆದರೂ ಕೆಳಗಿನ ಬಣ್ಣಕ್ಕೆ ಸುದ್ದಿಯೇ ಮುಟ್ಟದು. ಅರ ಬಣ್ಣದ ಪದರದವರೆಗೆ ಸಾಕು, ಉಗುರಿನವರೆಗೆ ಬೇಡ. ಎರಡನೆಯದು ದಪ್ಪ. ಸರಳ ವಿಸರಣೆಯ ಲೆಕ್ಕದಲ್ಲಿ ಪದರ ಎರಡು ಪಟ್ಟಾದರೆ ದ್ರಾವಕ ತಳ ಮುಟ್ಟುವ ಹೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ. ಬಣ್ಣ ಚೆನ್ನಾಗಿ ಕೂರಲೆಂದು ಮೂರನೆಯ ಕೋಟು, ಅದರ ಮೇಲೆ ಮಿನುಗು, ಅದರ ಮೇಲೆ ಎರಡು ಟಾಪ್ ಕೋಟು ಹಾಕಿಸಿಕೊಂಡವರು ಹತ್ತು ನಿಮಿಷದಲ್ಲಿ ಬಿಡಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಮೂರನೆಯದು ಆವಿ. ಅಸಿಟೋನ್ ಕುದಿಯುವುದೇ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸಡಿಲವಾಗಿ ಸುತ್ತಿದ ಫಾಯಿಲಿನೊಳಗೆ ಹತ್ತಿ ಕೆಲವೇ ನಿಮಿಷದಲ್ಲಿ ಒಣಗುತ್ತದೆ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಂತೂ ಇನ್ನೂ ಬೇಗ. ಉಗುರಿನಷ್ಟೇ ಅಗಲದ ಹತ್ತಿ, ಚೆನ್ನಾಗಿ ತೋಯಿಸಿದ್ದು, ಉಗುರಿಗೆ ಅಂಟಿಕೊಂಡಂತೆ ಬಿಗಿಯಾದ ಸುತ್ತು, ಹತ್ತು ಹದಿನೈದು ನಿಮಿಷಕ್ಕೆ ಒಮ್ಮೆ ಬಿಚ್ಚಿ ನೋಡಿ ಬೇಕಾದರೆ ಹೊಸ ಹತ್ತಿ. ಅಮೆರಿಕದ ಚರ್ಮವೈದ್ಯರ ಅಕಾಡೆಮಿ ಕೂಡ ಇಡೀ ಬೆರಳನ್ನು ಬಟ್ಟಲಿನಲ್ಲಿ ಅದ್ದುವುದಕ್ಕಿಂತ ಈ ಸುತ್ತುವ ಕ್ರಮವನ್ನೇ ಒಪ್ಪುತ್ತದೆ. ಸುತ್ತಲಿನ ಚರ್ಮಕ್ಕೆ ಮೊದಲೇ ವ್ಯಾಸಲೀನ್ ಹಚ್ಚಬೇಕು, ಉಗುರಿನ ಮೇಲೆ ಅದು ಹರಡಬಾರದು. ಹರಡಿದರೆ ಅದೇ ಅಸಿಟೋನಿಗೆ ಅಡ್ಡಗೋಡೆ. ಇನ್ನು, ಅಸಿಟೋನ್ ಇಲ್ಲವೆಂದು ಹೆಮ್ಮೆಯಿಂದ ಬರೆದ ಸಾಮಾನ್ಯ ರಿಮೂವರ್ ಹಳೆಯ ಬಣ್ಣಕ್ಕೆ ಸರಿ, ಜೆಲ್‌ಗೆ ಬಹಳ ನಿಧಾನ. ನೀರು, ಎಣ್ಣೆ ಬೆರೆತ ರಿಮೂವರ್ ಕೂಡ ಹಾಗೆಯೇ.

ಚಳಿಯಲ್ಲಿ ಈ ಕೆಲಸ ನಿಧಾನವಾಗುವುದು ನಿಜ. ಬೆಚ್ಚಗಿದ್ದಷ್ಟೂ ಅಣುಗಳು ಬೇಗ ಒಳಹೋಗುತ್ತವೆ. ಆದರೆ ಬೆಚ್ಚಗಾಗಿಸುವುದೆಂದರೆ ಸುತ್ತಿದ ಬೆರಳುಗಳ ಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಹೊದಿಸುವುದು ಮಾತ್ರ. ಅಸಿಟೋನಿನ ಆವಿ ಶೂನ್ಯಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾದ್ದರಿಂದ ನೆಲದ ಗುಂಟ ಹರಿಯುತ್ತದೆ. ಅಡುಗೆಮನೆಯ ಒಲೆ, ದೇವರ ದೀಪ, ಊದುಬತ್ತಿ ಉರಿಯುವ ಕೋಣೆಯಲ್ಲಿ ಅಸಿಟೋನ್ ಬಾಟಲಿ ತೆರೆಯಲೇಬಾರದು.

ಇಷ್ಟೆಲ್ಲ ಮಾಡಿದರೂ ಏನೂ ಅಲುಗದಿದ್ದರೆ ಆ ವಸ್ತು ನೆನೆಸುವ ಜೆಲ್ ಅಲ್ಲದಿರುವ ಸಂಭವ ಹೆಚ್ಚು. ಬಣ್ಣದ ಬಾಟಲಿಯ ರೂಪದಲ್ಲೇ ಬರುವ, ಉಗುರನ್ನು ದಪ್ಪಗಾಗಿಸುವ ಬಿಲ್ಡರ್ ಜೆಲ್‌ಗಳಲ್ಲಿ ಕೆಲವು ನೆನೆಯುತ್ತವೆ, ಕೆಲವು ನೆನೆಯುವುದಿಲ್ಲ. ನೋಟದಲ್ಲಿ ವ್ಯತ್ಯಾಸ ತಿಳಿಯದು. ಅಸಿಟೋನಿನಲ್ಲಿ ವಸ್ತು ವರ್ತಿಸುವ ರೀತಿಯೇ ಅದರ ಗುರುತು. ಅಕ್ರಿಲಿಕ್ ಮೆತ್ತಗಾಗಿ ಅಂಟಂಟಾಗುತ್ತದೆ. ಸೂಪರ್ ಗ್ಲೂ ಜಾತಿಯ ಸಯನೋಅಕ್ರಿಲೇಟಿನಿಂದ ಹಿಡಿದಿರುವ ಡಿಪ್ ಪೌಡರ್ ನಿಧಾನವಾಗಿ ಸವೆದು ಕರಗುತ್ತದೆ. ನೆನೆಸುವ ಜೆಲ್ ಸುಕ್ಕುಗಟ್ಟಿ ಚಕ್ಕೆಯಾಗುತ್ತದೆ. ಗಟ್ಟಿ ಜೆಲ್ ಇದ್ದ ಹಾಗೇ ಇರುತ್ತದೆ. ಕೊನೆಯದಕ್ಕೆ ಗಂಟೆಗಟ್ಟಲೆ ನೆನೆಸಿದರೂ ಚರ್ಮ ಒಣಗುವುದೊಂದೇ ಫಲ. ಅದನ್ನು ಪಳಗಿದ ಕೈ ಅರದಿಂದ ಇಳಿಸಬೇಕು, ತಳದ ತೆಳುವಾದ ಪದರವನ್ನು ಉಗುರಿನ ಮೇಲೇ ಬಿಡಬೇಕು. ಅದು ಉಗುರಿನ ಜೊತೆ ಬೆಳೆದು ಹೋಗುತ್ತದೆ.

ಅಸಿಟೋನ್ ವಿಷ, ಅದನ್ನು ಅಷ್ಟು ಹೊತ್ತು ಇಡುವುದಕ್ಕಿಂತ ಅರ್ಧ ಎದ್ದ ಪದರವನ್ನು ತಳ್ಳಿ ತೆಗೆಯುವುದೇ ಮೇಲು ಎಂದು ವಾದಿಸುವವರಿದ್ದಾರೆ. ಆತಂಕ ಸಹಜ, ತೂಕ ಮಾತ್ರ ತಪ್ಪು. ಅಸಿಟೋನ್ ಉಗುರಿನ ಮತ್ತು ಚರ್ಮದ ಜಿಡ್ಡನ್ನು ಎಳೆದು ಒಣಗಿಸುತ್ತದೆ, ಅದರ ಆವಿ ತಲೆನೋವು ತರುತ್ತದೆ, ಕಿಟಕಿ ತೆರೆದಿರಲೇಬೇಕು. ಆದರೆ ಒಣಗಿದ ಉಗುರು ಎಣ್ಣೆ ಹಚ್ಚಿದರೆ ಕೆಲವೇ ದಿನಕ್ಕೆ ಸುಧಾರಿಸುತ್ತದೆ. ಉಪವಾಸವಿದ್ದಾಗ ನಮ್ಮ ದೇಹವೇ ಅಸಿಟೋನನ್ನು ಅಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ. ಕಿತ್ತು ಹೋದ ಉಗುರಿನ ಕತೆ ಬೇರೆ. ಉಗುರಿನ ತಟ್ಟೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಸತ್ತ ಕೆರಟಿನ್ ಕೋಶಗಳ ಚಪ್ಪಟೆ ಪದರಗಳ ರಾಶಿ. ಬಣ್ಣ ಎಳೆದಾಗ ಮೇಲಿನ ಪದರಗಳು ಅದರ ಜೊತೆ ಎದ್ದು ಬರುತ್ತವೆ. ಉಗುರಿನ ಮೇಲೆ ಉಳಿಯುವ ಒರಟಾದ ಬಿಳಿ ಮಚ್ಚೆಗಳು ಆ ಗಾಯದ ಗುರುತು. ಸತ್ತ ಭಾಗ ರಿಪೇರಿಯಾಗುವುದಿಲ್ಲ, ಬೆಳೆದು ಹೋಗಬೇಕು. ತಿಂಗಳಿಗೆ ಸುಮಾರು ಮೂರು ಮಿಲಿಮೀಟರಿನ ಲೆಕ್ಕದಲ್ಲಿ ಕೈಬೆರಳಿನ ಉಗುರು ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು. 2012ರಲ್ಲಿ ಅಮೆರಿಕದ ಚರ್ಮವೈದ್ಯರು ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಜೆಲ್ ಹಚ್ಚಿ ತೆಗೆದ ಮೇಲೆ ಉಗುರು ತೆಳುವಾದದ್ದು ಅಲ್ಟ್ರಾಸೌಂಡ್‌ನಲ್ಲಿ ಕಂಡಿತು. ರಾಸಾಯನಿಕ ಕಾರಣವೋ ಕೆರೆತ ಕಾರಣವೋ ಎಂಬುದನ್ನು ಆ ಅಧ್ಯಯನ ಬೇರ್ಪಡಿಸಿ ಹೇಳಲಿಲ್ಲ. ಆದರೂ ಕೋಶದ ಪದರಗಳನ್ನು ಹಾಳೆಯಂತೆ ಎಬ್ಬಿಸುವ ಕೆಲಸ ಎಳೆತಕ್ಕೆ ಸಾಧ್ಯವಾದಷ್ಟು ಜಿಡ್ಡು ತೆಗೆಯುವ ದ್ರಾವಕಕ್ಕೆ ಸಾಧ್ಯವಿಲ್ಲ ಎಂಬ ತೀರ್ಮಾನವೇ ನನಗೆ ಒಪ್ಪಿಗೆ.

ಹಾಗಾದರೆ ಏನೂ ಮಾಡದೆ ಬೆಳೆಯಲು ಬಿಡಬಹುದಲ್ಲ ಎಂದರೆ, ಬಿಗಿಯಾಗಿ ಕೂತಿರುವ ತನಕ ಅಡ್ಡಿಯಿಲ್ಲ. ಅಂಚು ಎದ್ದ ಮೇಲೆ ಸಂದಿಯಲ್ಲಿ ನೀರು ನಿಂತು ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗಬಹುದು. ದಿನಕ್ಕೆ ಹತ್ತು ಸಲ ಪಾತ್ರೆ, ಬಟ್ಟೆ, ಅಕ್ಕಿ ತೊಳೆಯುವ ಕೈಗೆ ಈ ಅಪಾಯ ಹೆಚ್ಚು. ಇನ್ನು, ಹಚ್ಚಿದ ಕೂಡಲೇ ಬಣ್ಣ ಉಬ್ಬಿ ಬಿರಿಯುವಂತೆ ಮಾಡುವ ಮಾಯಾ ರಿಮೂವರುಗಳು ಪೇಟೆಯಲ್ಲಿ ಹೇರಳವಾಗಿವೆ. ಒಳಗೇನಿದೆ ಎಂದು ಸ್ಪಷ್ಟವಾಗಿ ಬರೆಯದ ಬಾಟಲಿಯಿಂದ ದೂರವಿರುವುದು ಕ್ಷೇಮ. ಅಸಿಟೋನೈಟ್ರೈಲಿನ ಪಾಠ ಇನ್ನೂ ಹಳತಾಗಿಲ್ಲ.

ಬೇಗ ಬಿಡಲಿ ಎಂದು ದೀಪದಡಿ ಕಡಿಮೆ ಹೊತ್ತು ಇಡುವ ಒಳದಾರಿ ಮಾಯಾ ರಿಮೂವರಿಗಿಂತ ಕೆಟ್ಟದು. ಹೆಚ್ಚು ಹೊತ್ತು ಇಟ್ಟರೆ, ಇಲ್ಲವೇ ಬೇರೆ ಕಂಪನಿಯ ಹೆಚ್ಚು ಶಕ್ತಿಯ ದೀಪ ಬಳಸಿದರೆ ಬಲೆ ಬಿಗಿಯಾಗಿ ತೆಗೆಯುವುದು ಕಷ್ಟವಾಗುತ್ತದೆ. ಕಡಿಮೆ ಇಟ್ಟರೆ ಬಲೆಗೆ ಸೇರದ ಬಿಡಿ ಅಣುಗಳು ಉಳಿದು ಚರ್ಮಕ್ಕೆ ಇಳಿಯುತ್ತವೆ. ಹೆಮಾ ಎಂಬ ಮೆಥಾಕ್ರಿಲೇಟಿನ ಅಲರ್ಜಿ ಒಮ್ಮೆ ಅಂಟಿದರೆ ಜೀವನಪರ್ಯಂತ ಉಳಿಯುವುದು ಸಾಮಾನ್ಯ. ಮುಂದೆ ಹಲ್ಲಿನ ಫಿಲ್ಲಿಂಗ್, ಕೀಲುಬದಲಿ ಶಸ್ತ್ರಚಿಕಿತ್ಸೆಯ ಸಿಮೆಂಟಿನಂಥ ಅದೇ ಕುಲದ ವಸ್ತುಗಳಿಗೂ ದೇಹ ಕೆರಳಬಹುದು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲಿ ಮನೆಬಳಕೆಯ ಕಿಟ್‌ಗಳನ್ನು ಮುಖ್ಯವಾಗಿ ಗುರಿಯಾಗಿಸಿ ಈ ಎಚ್ಚರಿಕೆ ಕೊಟ್ಟಿತು. ಯುರೋಪಿಯನ್ ಒಕ್ಕೂಟ 2020ರ ನಿಯಮದಲ್ಲಿ ಉಗುರಿನ ಹೆಮಾ ಉತ್ಪನ್ನಗಳನ್ನು ವೃತ್ತಿಪರರ ಬಳಕೆಗೆ ಸೀಮಿತಗೊಳಿಸಿತು. ಬೆಳಕು ಹೀರಿ ಜೆಲ್ ಗಟ್ಟಿಯಾಗಿಸುವ ಟಿಪಿಒ ಎಂಬ ಘಟಕವನ್ನು ಸಂತಾನಶಕ್ತಿಗೆ ಹಾನಿಕರ ವಸ್ತುಗಳ ಪಟ್ಟಿಗೆ ಸೇರಿಸಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಘಟಕ ಬದಲಾದಾಗ ಬೇಕಾದ ದೀಪವೂ ಸಮಯವೂ ಬದಲಾಗಬಹುದು. ಮನೆಯ ಹಳೆಯ ದೀಪದಡಿ ಹೊಸ ಬಾಟಲಿ ಹಳೆಯದರಂತೆಯೇ ಗಟ್ಟಿಯಾಗುತ್ತದೆ ಎಂದು ನಂಬುವಂತಿಲ್ಲ.

ರಸಾಯನದ ಆಚೆಗೆ ದುಡ್ಡಿನ ಕಾರಣವೂ ಇದೆ. ಪಾರ್ಲರಿನ ದರಪಟ್ಟಿಯಲ್ಲಿ ಹಚ್ಚುವುದಕ್ಕೆ ಬೆಲೆಯಿರುತ್ತದೆ. ತೆಗೆಯುವುದು ಎಷ್ಟೋ ಕಡೆ ಹೊಸದನ್ನು ಹಚ್ಚುವ ಮುಂಚಿನ ಪುಕ್ಕಟೆ ಕೆಲಸ. ಪುಕ್ಕಟೆ ಕೆಲಸಕ್ಕೆ ಅರ್ಧ ಗಂಟೆ ಯಾರೂ ಕೊಡರು. ಮುಂದಿನ ಗ್ರಾಹಕಿ ಕಾಯುತ್ತಿರುವಾಗ ಲೋಹದ ಪುಷರ್ ಕೈಗೆ ಬರುತ್ತದೆ. ಇದರಲ್ಲಿ ಪಾರ್ಲರಿನ ಹುಡುಗಿಯರ ತಪ್ಪು ಕಡಿಮೆ, ದಿನವಿಡೀ ಅಸಿಟೋನಿನ ಆವಿ ಕುಡಿಯುವವರೂ ಅವರೇ. ತೆಗೆಯುವುದಕ್ಕೆ ಪ್ರತ್ಯೇಕ ಸಮಯ, ಪ್ರತ್ಯೇಕ ದರ ಇಡಬೇಕು. ಹಚ್ಚಿದ ಉತ್ಪನ್ನದ ಹೆಸರು, ಕೋಟುಗಳ ಸಂಖ್ಯೆ, ನೆನೆಯುವ ಜಾತಿಯೋ ಅಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಬೇಕು. ಮದುವೆಯ ಹಿಂದಿನ ದಿನ ಹಚ್ಚಿಸಿಕೊಂಡು ಆಮೇಲೆ ಇನ್ನೊಂದು ಊರಿನಲ್ಲಿ ತೆಗೆಸುವವರಿಗೆ ಆ ಚೀಟಿ ರಿಮೂವರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆಸ್ಪತ್ರೆಯಲ್ಲೂ ಅಷ್ಟೆ. ಆಪರೇಷನ್ನಿಗೆ ಮುಂಚೆ ಉಗುರುಬಣ್ಣ ತೆಗೆಯಲು ಹೇಳುವುದು ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರಿನ ಬೆಳಕು ಉಗುರಿನ ಮೂಲಕ ಹಾಯಬೇಕೆಂಬ ಕಾರಣಕ್ಕೆ, ಉಗುರಿನ ಬಣ್ಣ ನೋಡಿ ರಕ್ತಸಂಚಾರ ಅಂದಾಜಿಸಲಿಕ್ಕೆ ಕೂಡ. ತುರ್ತಿನಲ್ಲಿ ಸಾಧನವನ್ನು ಕಿವಿಹಾಲೆಗೆ ಸಿಕ್ಕಿಸಿಯಾರು. ದಿನ ನಿಗದಿಯಾದ ಆಪರೇಷನ್ನಾದರೆ ಹಿಂದಿನ ದಿನವೇ ಕನಿಷ್ಠ ಒಂದು ಬೆರಳಿನ ಜೆಲ್ಲನ್ನಾದರೂ ಸಾವಧಾನವಾಗಿ ನೆನೆಸಿ ತೆಗೆಸಿಕೊಂಡಿರಬೇಕು, ಎಷ್ಟು ಬೆರಳು ಎಂಬುದನ್ನು ಅರಿವಳಿಕೆ ವೈದ್ಯರನ್ನೇ ಕೇಳಬೇಕು.