ಬಿ. ಪಿ. ವಾಡಿಯಾ

ಬಹಮನ್ ಪೆಸ್ತನ್‌ಜಿ ವಾಡಿಯಾ (8 ಅಕ್ಟೋಬರ್ 1881 – 20 ಆಗಸ್ಟ್ 1958) ಭಾರತದ ಥಿಯಾಸಫಿ ಚಿಂತಕರು, ಪತ್ರಕರ್ತರು ಹಾಗೂ ಕಾರ್ಮಿಕ ಚಳವಳಿಯ ಆದ್ಯರಲ್ಲೊಬ್ಬರು. 1918ರಲ್ಲಿ ಸ್ಥಾಪನೆಯಾದ ಮದ್ರಾಸ್ ಲೇಬರ್ ಯೂನಿಯನ್‌ನ ಮೊದಲ ಅಧ್ಯಕ್ಷರಾಗಿದ್ದ ಇವರು, ಮುಂದೆ ಥಿಯಾಸಾಫಿಕಲ್ ಸೊಸೈಟಿಯನ್ನು ತೊರೆದು ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಎಂಬ ಬಳಗವನ್ನು ಸೇರಿದರು. ಅದರ ಶಾಖೆಗಳನ್ನು ಅಮೆರಿಕ, ಯುರೋಪ್ ಮತ್ತು ಭಾರತದಲ್ಲಿ ಬೆಳೆಸಿದರು. ಬೆಂಗಳೂರಿನ ಬಸವನಗುಡಿಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯನ್ನು ಪತ್ನಿ ಸೋಫಿಯಾ ವಾಡಿಯಾ ಅವರೊಂದಿಗೆ ಸ್ಥಾಪಿಸಿದರು. ಆ ಸಂಸ್ಥೆ ಇರುವ ರಸ್ತೆಗೆ ಇವರ ಹೆಸರನ್ನೇ ಇಡಲಾಗಿದೆ.

ಹೆಸರು ಮತ್ತು ಮನೆತನ

'ವಾಡಿಯಾ' ಎಂಬುದು ವೃತ್ತಿಯಿಂದ ಬಂದ ಮನೆತನದ ಹೆಸರು. ಗುಜರಾತಿಯಲ್ಲಿ ಹಡಗು ಕಟ್ಟುವವನು ಎಂಬುದು ಅದರ ಅರ್ಥ. ಪಾರ್ಸಿ ಸಮುದಾಯದ ಈ ಮನೆತನದ ಮೂಲ ಗುಜರಾತಿನ ಸೂರತ್. ಅಲ್ಲಿನ ಬಡಗಿ ಲವ್‌ಜಿ ನಸರ್‌ವಾನ್‌ಜಿ ವಾಡಿಯಾ 1736ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ಕರೆಯ ಮೇರೆಗೆ ಮುಂಬಯಿಗೆ ಬಂದರು. 1750ರಲ್ಲಿ ಅಲ್ಲಿ ಪೂರ್ಣಗೊಂಡ ಒಣ ಹಡಗುಕಟ್ಟೆಯು ಏಷ್ಯಾದ ಮೊದಲನೆಯದೆಂದು ಹೆಸರಾಗಿದೆ. ಅಂದಿನಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ಮುಂಬಯಿಯ ಹಡಗು ನಿರ್ಮಾಣವು ಇದೇ ಮನೆತನದವರ ಕೈಯಲ್ಲಿತ್ತು. ಜಮಷೇಟ್‌ಜಿ ಬೊಮನ್‌ಜಿ ವಾಡಿಯಾ ಅವರ ಮೇಲ್ವಿಚಾರಣೆಯಲ್ಲಿ ತೇಗದ ಮರದಿಂದ ಕಟ್ಟಿದ 'ಮಿಂಡೆನ್' (1810) ಮತ್ತು 'ಕಾರ್ನ್‌ವಾಲಿಸ್' (1813) ತಲಾ 74 ಫಿರಂಗಿಗಳ ಸಮರನೌಕೆಗಳಾಗಿದ್ದವು. 1842ರಲ್ಲಿ ಬ್ರಿಟನ್ ಮತ್ತು ಚೀನಾಗಳ ನಡುವಿನ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಕಾರ್ನ್‌ವಾಲಿಸ್ ನೌಕೆಯ ಮೇಲೆ. 1817ರಲ್ಲಿ ನೀರಿಗಿಳಿದ 'ಟ್ರಿಂಕೋಮಲಿ' ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ಸಂರಕ್ಷಿತವಾಗಿದೆ. ಇದೇ ಮನೆತನದ ಅರ್ದಶೀರ್ ಕರ್ಸೆಟ್‌ಜಿ 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯರು.

ಬಹಮನ್ ವಾಡಿಯಾ ಈ ಹಿನ್ನೆಲೆಯ ಕುಟುಂಬದಲ್ಲಿ ಮುಂಬಯಿಯಲ್ಲಿ ಜನಿಸಿದರು. ತಂದೆ ಪೆಸ್ತನ್‌ಜಿ ಕರ್ಸೆಟ್‌ಜಿ ವಾಡಿಯಾ, ತಾಯಿ ಮಿಠೀಬಾಯಿ.

ಅಡ್ಯಾರ್ ಮತ್ತು ಹೋಂ ರೂಲ್ ಚಳವಳಿ

ಥಿಯಾಸಾಫಿಕಲ್ ಸೊಸೈಟಿಯನ್ನು 1875ರಲ್ಲಿ ಎಚ್. ಪಿ. ಬ್ಲಾವಟ್‌ಸ್ಕಿ, ಹೆನ್ರಿ ಸ್ಟೀಲ್ ಆಲ್ಕಾಟ್, ವಿಲಿಯಂ ಕ್ವಾನ್ ಜಡ್ಜ್ ಮೊದಲಾದವರು ನ್ಯೂಯಾರ್ಕ್‌ನಲ್ಲಿ ಸ್ಥಾಪಿಸಿದ್ದರು. 1882ರಲ್ಲಿ ಅದರ ಕೇಂದ್ರ ಕಚೇರಿಯು ಮದ್ರಾಸಿನ ಅಡ್ಯಾರಿಗೆ ಬಂದಿತು. ವಾಡಿಯಾ 1903ರಲ್ಲಿ ಸೊಸೈಟಿಯ ಸದಸ್ಯರಾಗಿ, ಕೆಲವು ವರ್ಷಗಳ ನಂತರ ಅಡ್ಯಾರಿನಲ್ಲಿ ನೆಲೆಸಿ, ಅಲ್ಲಿನ ಪ್ರಕಾಶನ ವಿಭಾಗವನ್ನು ನಿರ್ವಹಿಸಿದರು. ಆನಿ ಬೆಸೆಂಟ್ ಅವರ 'ನ್ಯೂ ಇಂಡಿಯಾ' ಪತ್ರಿಕೆಯಲ್ಲೂ ದುಡಿದರು.

1916ರಲ್ಲಿ ಬೆಸೆಂಟ್ ಹೋಂ ರೂಲ್ ಲೀಗನ್ನು ಆರಂಭಿಸಿದಾಗ ವಾಡಿಯಾ ಅವರ ನಿಕಟ ಸಹಾಯಕರಾಗಿದ್ದರು. 1917ರ ಜೂನ್‌ನಲ್ಲಿ ಮದ್ರಾಸ್ ಸರ್ಕಾರವು ಬೆಸೆಂಟ್, ಜಾರ್ಜ್ ಅರುಂಡೇಲ್ ಮತ್ತು ವಾಡಿಯಾ ಮೂವರನ್ನೂ ನಿರ್ಬಂಧಕ್ಕೊಳಪಡಿಸಿತು. ಉದಕಮಂಡಲದಲ್ಲಿ ಆರಂಭವಾದ ಈ ನಿರ್ಬಂಧಕ್ಕೆ ದೇಶದಾದ್ಯಂತ ವಿರೋಧ ವ್ಯಕ್ತವಾಯಿತು. ಸೆಪ್ಟೆಂಬರ್‌ನಲ್ಲಿ ಮೂವರ ಬಿಡುಗಡೆಯಾಯಿತು.

ಮದ್ರಾಸ್ ಲೇಬರ್ ಯೂನಿಯನ್

ಮದ್ರಾಸಿನ ಪೆರಂಬೂರಿನಲ್ಲಿದ್ದ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳು ಬಿನ್ನಿ ಕಂಪನಿಯ ಆಡಳಿತದಲ್ಲಿದ್ದವು. ಇದೇ ಕಂಪನಿಯು ಬೆಂಗಳೂರಿನಲ್ಲಿ ಮೆಜೆಸ್ಟಿಕ್‌ಗೆ ಸಮೀಪದ ಬಟ್ಟೆ ಗಿರಣಿಯನ್ನೂ ನಡೆಸುತ್ತಿತ್ತು. ಇಂದಿನ ಬಿನ್ನಿಪೇಟೆಯ ಹೆಸರು ಅದರ ಕುರುಹು. ಪೆರಂಬೂರಿನ ಕಾರ್ಮಿಕರ ದುಡಿಮೆಯ ಅವಧಿ ದೀರ್ಘವಾಗಿತ್ತು. ಮಧ್ಯಾಹ್ನದ ಊಟಕ್ಕೆ ಕೇವಲ 30 ನಿಮಿಷಗಳ ಬಿಡುವು ದೊರೆಯುತ್ತಿತ್ತು. ಜಿ. ಸೆಲ್ವಪತಿ ಚೆಟ್ಟಿ ಮತ್ತು ಜಿ. ರಾಮಾನುಜುಲು ನಾಯ್ಡು ಈ ಕಷ್ಟಗಳನ್ನು ವಾಡಿಯಾ ಅವರ ಗಮನಕ್ಕೆ ತಂದರು. 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪನೆಯಾಯಿತು. ವಾಡಿಯಾ ಅಧ್ಯಕ್ಷರಾದರು, ತಮಿಳು ವಿದ್ವಾಂಸ ತಿರು. ವಿ. ಕಲ್ಯಾಣಸುಂದರಂ ಮುದಲಿಯಾರ್ ಪದಾಧಿಕಾರಿಗಳಲ್ಲಿ ಒಬ್ಬರಾಗಿದ್ದರು. ಊಟದ ಬಿಡುವನ್ನು 40 ನಿಮಿಷಗಳಿಗೆ ಹೆಚ್ಚಿಸಬೇಕೆಂಬುದು ಸಂಘದ ಆರಂಭದ ಬೇಡಿಕೆಗಳಲ್ಲೊಂದು.

ಇದಕ್ಕೂ ಮೊದಲು ಮುಂಬಯಿ, ಕಲ್ಕತ್ತಗಳಲ್ಲಿ ಕಾರ್ಮಿಕರ ಸಂಘಟನೆಗಳು ಇದ್ದರೂ, ಸದಸ್ಯತ್ವ ಮತ್ತು ನಿಯತ ವಂತಿಗೆಯನ್ನು ಹೊಂದಿದ್ದ ಕಾರಣ ಮದ್ರಾಸ್ ಲೇಬರ್ ಯೂನಿಯನ್ ಅನ್ನು ಆಧುನಿಕ ಅರ್ಥದಲ್ಲಿ ಭಾರತದ ಮೊದಲ ಸಂಘಟಿತ ಕಾರ್ಮಿಕ ಸಂಘವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲ ಸಮ್ಮೇಳನದಲ್ಲಿ ಭಾರತದ ಕಾರ್ಮಿಕ ಪ್ರತಿನಿಧಿ ಎನ್. ಎಂ. ಜೋಶಿ ಅವರ ಸಲಹೆಗಾರರಾಗಿ ವಾಡಿಯಾ ಭಾಗವಹಿಸಿದರು. ತಮ್ಮ ಅನುಭವಗಳನ್ನೂ ಭಾಷಣಗಳನ್ನೂ 'ಲೇಬರ್ ಇನ್ ಮದ್ರಾಸ್' (1921) ಎಂಬ ಇಂಗ್ಲಿಷ್ ಗ್ರಂಥದಲ್ಲಿ ಪ್ರಕಟಿಸಿದರು.

ಬಕಿಂಗ್‌ಹ್ಯಾಂ ಗಿರಣಿ ಮೊಕದ್ದಮೆ

1920ರಲ್ಲಿ ಗಿರಣಿಯ ಆಡಳಿತ ಮತ್ತು ಕಾರ್ಮಿಕರ ನಡುವಿನ ವಿವಾದವು ಬೀಗಮುದ್ರೆಯ ಹಂತ ತಲುಪಿತು. ಬಿನ್ನಿ ಕಂಪನಿಯು ವಾಡಿಯಾ ಮತ್ತು ಸಂಘದ ಇತರ ನಾಯಕರ ವಿರುದ್ಧ ಮದ್ರಾಸ್ ಹೈಕೋರ್ಟಿನಲ್ಲಿ ದಾವೆ ಹೂಡಿತು. ಕೆಲಸಕ್ಕೆ ಹಿಂದಿರುಗದಂತೆ ಕಾರ್ಮಿಕರನ್ನು ಪ್ರೇರೇಪಿಸಿ ಉದ್ಯೋಗದ ಕರಾರನ್ನು ಮುರಿಯುವಂತೆ ಮಾಡಿದ್ದಾರೆ ಎಂಬುದು ಕಂಪನಿಯ ಆರೋಪವಾಗಿತ್ತು. ನ್ಯಾಯಾಲಯವು ನಾಯಕರ ವಿರುದ್ಧ ತಾತ್ಕಾಲಿಕ ತಡೆಯಾಜ್ಞೆ ಹೊರಡಿಸಿತು. ಕಾರ್ಮಿಕ ಸಂಘಗಳಿಗೆ ಆಗ ಯಾವುದೇ ಕಾನೂನಿನ ಮಾನ್ಯತೆ ಇರದ ಕಾರಣ, ಮುಷ್ಕರವನ್ನು ಬೆಂಬಲಿಸಿದ ಯಾವ ನಾಯಕನೂ ವೈಯಕ್ತಿಕವಾಗಿ ನಷ್ಟ ಭರಿಸಬೇಕಾಗುವ ಸ್ಥಿತಿ ಇತ್ತು. ಅಂತಿಮವಾಗಿ ನಡೆದ ರಾಜಿಯಂತೆ ಕಂಪನಿಯು ದಾವೆಯನ್ನು ಕೈಬಿಟ್ಟಿತು. ವಾಡಿಯಾ ಸಂಘದೊಂದಿಗಿನ ಸಂಬಂಧವನ್ನು ಕಡಿದುಕೊಳ್ಳಬೇಕಾಯಿತು.

ಈ ಪ್ರಕರಣವು ಕಾನೂನಿನಲ್ಲಿದ್ದ ಕೊರತೆಯನ್ನು ಎತ್ತಿ ತೋರಿಸಿತು. 1921ರಲ್ಲಿ ಎನ್. ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳ ನೋಂದಣಿ ಮತ್ತು ರಕ್ಷಣೆಗಾಗಿ ನಿರ್ಣಯ ಮಂಡಿಸಿದರು. ಅದರ ಫಲವಾಗಿ 1926ರ ಕಾರ್ಮಿಕ ಸಂಘಗಳ ಕಾಯಿದೆ ರೂಪುಗೊಂಡಿತು. ಆ ಕಾಯಿದೆಯ 18ನೆಯ ಕಲಮು, ಕೈಗಾರಿಕಾ ವಿವಾದದ ಸಂದರ್ಭದಲ್ಲಿ ಉದ್ಯೋಗದ ಕರಾರು ಮುರಿಯಲು ಪ್ರೇರೇಪಿಸಿದರೆಂಬ ಕಾರಣವೊಂದಕ್ಕಾಗಿಯೇ ನೋಂದಾಯಿತ ಸಂಘದ ಮೇಲಾಗಲಿ ಅದರ ಪದಾಧಿಕಾರಿಗಳ ಮೇಲಾಗಲಿ ಸಿವಿಲ್ ದಾವೆ ಹೂಡುವುದನ್ನು ನಿಷೇಧಿಸಿತು. ವಾಡಿಯಾ ಅವರಿಗೆ ದೊರೆಯದಿದ್ದ ರಕ್ಷಣೆ ಅನಂತರದ ಕಾರ್ಮಿಕ ನಾಯಕರಿಗೆ ಹೀಗೆ ದೊರೆಯಿತು.

ಸೊಸೈಟಿಯಿಂದ ನಿರ್ಗಮನ

ಬ್ಲಾವಟ್‌ಸ್ಕಿ ಅವರ ಮೂಲ ಬೋಧನೆಗಳಿಂದ ಅಡ್ಯಾರಿನ ಸೊಸೈಟಿ ದೂರ ಸರಿದಿದೆ ಎಂಬ ಅಭಿಪ್ರಾಯಕ್ಕೆ ಬಂದ ವಾಡಿಯಾ, 1922ರ ಜುಲೈನಲ್ಲಿ ಬಹಿರಂಗ ಹೇಳಿಕೆಯೊಂದನ್ನು ಪ್ರಕಟಿಸಿ ಅದಕ್ಕೆ ರಾಜೀನಾಮೆ ನೀಡಿದರು. ಆ ಬಳಿಕ ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಸೇರಿದರು. ಈ ಬಳಗವನ್ನು ರಾಬರ್ಟ್ ಕ್ರಾಸ್ಬಿ 1909ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭಿಸಿದ್ದರು. ಇದಕ್ಕೆ ಅಧ್ಯಕ್ಷರಾಗಲಿ, ಸಂವಿಧಾನವಾಗಲಿ ಇಲ್ಲ. ಸೇರಬಯಸುವವರು ಒಂದು ಘೋಷಣೆಗೆ ಸಹಿ ಹಾಕಿದರೆ ಸಾಕು. ಬರಹಗಳನ್ನು ಸಾಮಾನ್ಯವಾಗಿ ಲೇಖಕರ ಹೆಸರಿಲ್ಲದೆ ಪ್ರಕಟಿಸುವುದು ಇಲ್ಲಿನ ರೂಢಿ. ವಾಡಿಯಾ 1928ರವರೆಗೆ ಹೆಚ್ಚಾಗಿ ಅಮೆರಿಕ ಮತ್ತು ಯುರೋಪಿನಲ್ಲಿದ್ದು ನ್ಯೂಯಾರ್ಕ್, ಲಂಡನ್ ಮೊದಲಾದೆಡೆ ಲಾಡ್ಜ್‌ಗಳ ಸ್ಥಾಪನೆಗೆ ನೆರವಾದರು. 1929ರಲ್ಲಿ ಮುಂಬಯಿಯ ಲಾಡ್ಜ್ ಆರಂಭವಾಯಿತು. ಮರುವರ್ಷ 'ದಿ ಆರ್ಯನ್ ಪಾತ್' ಮತ್ತು 'ದಿ ಥಿಯಾಸಾಫಿಕಲ್ ಮೂವ್‌ಮೆಂಟ್' ಎಂಬ ಮಾಸಪತ್ರಿಕೆಗಳು ಹೊರಬಂದವು.

'ಲಾಡ್ಜ್' ಪದದ ಬಳಕೆ

ಕನ್ನಡದ ವ್ಯವಹಾರದಲ್ಲಿ 'ಲಾಡ್ಜ್' ಎಂದರೆ ಮೆಜೆಸ್ಟಿಕ್ ಪ್ರದೇಶದಲ್ಲಿ ಹೇರಳವಾಗಿರುವಂತಹ, ಪ್ರಯಾಣಿಕರು ತಂಗುವ ವಸತಿಗೃಹ. ಸಂಘಟನೆಯ ಘಟಕ ಎಂಬ ಅರ್ಥವು ಯುರೋಪಿನ ಕಲ್ಲುಕುಟಿಗರ ಸಂಘಗಳಿಂದ ಬಂದಿದೆ. ಕಟ್ಟಡ ಕೆಲಸದ ಸ್ಥಳದಲ್ಲಿ ಅವರು ಹಾಕಿಕೊಳ್ಳುತ್ತಿದ್ದ ಚಪ್ಪರಮನೆಗೆ ಲಾಡ್ಜ್ ಎನ್ನುತ್ತಿದ್ದರು. ಮುಂದೆ ಫ್ರೀಮೇಸನ್ನರು ತಮ್ಮ ಸಭೆಗೆ ಅದೇ ಹೆಸರನ್ನು ಉಳಿಸಿಕೊಂಡರು. ಫ್ರೀಮೇಸನ್ ಲಾಡ್ಜ್‌ಗಳು 18ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕಲ್ಕತ್ತಕ್ಕೆ ಬಂದವು. ಮುಂಬಯಿಯಲ್ಲಿ 1843ರಲ್ಲಿ ಸ್ಥಾಪನೆಯಾದ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಲಾಡ್ಜ್ ಭಾರತೀಯರಿಗೆ ಪ್ರವೇಶ ನೀಡುವ ಉದ್ದೇಶದಿಂದ ಹುಟ್ಟಿದ್ದು. ಪಾರ್ಸಿ ಸಮಾಜದ ಮಾಣೆಕ್‌ಜಿ ಕರ್ಸೆಟ್‌ಜಿ ಅದರ ಆರಂಭದ ಸದಸ್ಯರಲ್ಲೊಬ್ಬರು. 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು.

ಥಿಯಾಸಫಿಯ ಲಾಡ್ಜ್ ಇವುಗಳಿಂದ ಭಿನ್ನವಾದುದು. ಹೆಸರು ಒಂದೇ ಆದರೂ ಯುನೈಟೆಡ್ ಲಾಡ್ಜ್‌ನಲ್ಲಿ ಫ್ರೀಮೇಸನ್ನರ ದೀಕ್ಷಾವಿಧಿ, ಪದವಿಗಳ ಶ್ರೇಣಿ ಅಥವಾ ಮುಚ್ಚಿದ ಬಾಗಿಲಿನ ಸಭೆಗಳಿಲ್ಲ. ಅಧ್ಯಯನ ಗೋಷ್ಠಿ ಮತ್ತು ಉಪನ್ಯಾಸಗಳು ಸಾರ್ವಜನಿಕರಿಗೆ ಮುಕ್ತವಾಗಿರುತ್ತವೆ.

ಬೆಂಗಳೂರಿನಲ್ಲಿ

ಬೆಂಗಳೂರಿನ ಯುನೈಟೆಡ್ ಲಾಡ್ಜ್ ಬಸವನಗುಡಿಯಲ್ಲಿ, ಲಾಲ್‌ಬಾಗಿನ ಪಶ್ಚಿಮ ದ್ವಾರಕ್ಕೆ ಸಮೀಪದ 'ಮೈತ್ರಿ ಭವನ'ದಲ್ಲಿದೆ. ಅಡ್ಯಾರಿನ ಸೊಸೈಟಿಗೆ ಸೇರಿದ ನಗರ ಶಾಖೆಯು ಕೃಷ್ಣರಾಜೇಂದ್ರ ರಸ್ತೆಯಲ್ಲಿದೆ. ಇವೆರಡೂ ಪರಸ್ಪರ ಸಂಬಂಧವಿಲ್ಲದ ಸಂಘಟನೆಗಳು.

ಎರಡನೆಯ ಮಹಾಯುದ್ಧವು ಕೊನೆಗೊಳ್ಳುತ್ತಿದ್ದ 1945ರ ಆಗಸ್ಟ್‌ನಲ್ಲಿ ವಾಡಿಯಾ ದಂಪತಿಗಳು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಆರಂಭವಾದದ್ದೂ ಅದೇ ವರ್ಷ. ಜಾತಿ, ಮತ, ದೇಶಗಳ ಭೇದವಿಲ್ಲದೆ ವಿಚಾರ ವಿನಿಮಯಕ್ಕೆ ವೇದಿಕೆ ಒದಗಿಸುವುದು ವಾಡಿಯಾ ದಂಪತಿಗಳ ಸಂಸ್ಥೆಯ ಗುರಿಯಾಗಿತ್ತು. 1950ರ ದಶಕದಲ್ಲಿ ಅದರ ಹೆಸರಿಗೆ 'ವರ್ಲ್ಡ್' ಎಂಬ ಪದ ಸೇರಿತು. ಥಿಯಾಸಫಿಯ ಬೋಧನೆ ಲಾಡ್ಜ್‌ನ ಕಾರ್ಯವಾಗಿ ಉಳಿದರೆ, ಸಾಹಿತ್ಯ, ವಿಜ್ಞಾನ, ಇತಿಹಾಸ ಹಾಗೂ ಕಲೆಗಳ ಉಪನ್ಯಾಸ, ಸಂಗೀತ ಮತ್ತು ನೃತ್ಯ ಕಾರ್ಯಕ್ರಮಗಳು ಈ ಸಂಸ್ಥೆಯ ಕಾರ್ಯಗಳಾದವು. ಸಂಸ್ಥೆಯ ಸಾರ್ವಜನಿಕ ಗ್ರಂಥಾಲಯ ಮತ್ತು ಮಕ್ಕಳ ಗ್ರಂಥಾಲಯಗಳು ಗಾಂಧಿ ಬಜಾರ್ ಸುತ್ತಲಿನ ಬಡಾವಣೆಗಳ ಓದುಗರಿಗೆ ಚಿರಪರಿಚಿತ.

ನಿಧನ ಮತ್ತು ಸ್ಮರಣೆ

ವಾಡಿಯಾ 1958ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ನಿಧನರಾದರು. ಕೊಲಂಬಿಯಾದಲ್ಲಿ ಜನಿಸಿ 1928ರಲ್ಲಿ ಅವರನ್ನು ವಿವಾಹವಾಗಿದ್ದ ಸೋಫಿಯಾ ವಾಡಿಯಾ ಸಂಸ್ಥೆಯ ಕಾರ್ಯವನ್ನು ಮುಂದುವರಿಸಿದರು. ಲೇಖಕರ ಸಂಘವಾದ ಪೆನ್‌ನ ಅಖಿಲ ಭಾರತ ಕೇಂದ್ರವನ್ನು 1933ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ್ದ ಅವರಿಗೆ 1960ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು. 1986ರಲ್ಲಿ ಅವರು ನಿಧನರಾದರು.

ಕಾರ್ಮಿಕ ಚಳವಳಿಯ ಇತಿಹಾಸದಲ್ಲಿ ವಾಡಿಯಾ ಅವರ ಹೆಸರು ಮದ್ರಾಸಿನೊಂದಿಗೆ ಸೇರಿಕೊಂಡಿದೆ. ಬೆಂಗಳೂರಿನಲ್ಲಿ ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಬಿ. ಪಿ. ವಾಡಿಯಾ ರಸ್ತೆ ಮತ್ತು ಅಲ್ಲಿರುವ ಗ್ರಂಥಾಲಯದ ಮೂಲಕ. ಹೀಗಾಗಿ ಹಡಗು ಕಟ್ಟುವವನೆಂಬ ಅರ್ಥದ ಮನೆತನದ ಹೆಸರೊಂದು ಕಡಲಿಲ್ಲದ ಊರಿನ ರಸ್ತೆಗೆ ಸಂದಿದೆ.