ಎರಡೂ ಕಾಲಿನ ಆಟಗಾರ

ಫುಟ್‌ಬಾಲ್ ಆಟಗಾರನೊಬ್ಬ ಬಲಗಾಲಿನವನೋ ಎಡಗಾಲಿನವನೋ ಎಂದು ತಿಳಿಯಬೇಕಾದರೆ ಆತ ಕಾರ್ನರ್ ಕಿಕ್ ಹೊಡೆಯುವುದನ್ನು ಗಮನಿಸಬೇಕು. ಅಲ್ಲಿ ಚೆಂಡು ನಿಂತಿರುತ್ತದೆ, ಮೈಮೇಲೆ ಬೀಳುವವರಿಲ್ಲ. ಹಾಗಾಗಿ ಎಲ್ಲರೂ ತಮಗೆ ಒಗ್ಗಿದ ಕಾಲನ್ನೇ ಬಳಸುತ್ತಾರೆ. ಸ್ಪೇನಿನ ಸ್ಯಾಂಟಿ ಕಸೋರ್ಲಾನ ವಿಷಯದಲ್ಲಿ ಮಾತ್ರ ಈ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. ಒಂದು ಮೂಲೆಯಿಂದ ಬಲಗಾಲು, ಇನ್ನೊಂದು ಮೂಲೆಯಿಂದ ಎಡಗಾಲು. ಎರಡರಲ್ಲೂ ಅದೇ ವೇಗ, ಅದೇ ಗುರಿ.

ಇದು ಕೇವಲ ಚಮತ್ಕಾರವಲ್ಲ. ರಕ್ಷಣಾ ಆಟಗಾರ ಎದುರಾಳಿಯ ಬಲವಾದ ಕಾಲಿನ ಕಡೆಗೆ ತುಸು ವಾಲಿ ನಿಲ್ಲುತ್ತಾನೆ. ಚೆಂಡನ್ನು ಇನ್ನೊಂದು ಕಾಲಿಗೆ ತಳ್ಳುವಂತೆ ಮಾಡಿದರೆ ಆತನ ಅರ್ಧ ಕೆಲಸ ಮುಗಿದಂತೆ. ಎರಡೂ ಕಾಲು ಸಮವಾಗಿರುವವನ ಎದುರು ಯಾವ ಕಡೆ ವಾಲುವುದು? ಕೇವಲ 168 ಸೆಂಟಿಮೀಟರ್ ಎತ್ತರದ ಕಸೋರ್ಲಾ ದೈತ್ಯರ ನಡುವೆ ಜಾಗ ಮಾಡಿಕೊಂಡದ್ದು ಹೀಗೆ. ಎಡ ಅಂಚು, ಬಲ ಅಂಚು, ಮುಂದಾಳುಗಳ ಹಿಂದೆ, ಮೈದಾನದ ನಟ್ಟನಡುವೆ – ತರಬೇತುದಾರರು ಎಲ್ಲಿ ನಿಲ್ಲಿಸಿದರೂ ಆತ ಆಡಿದ.

ಆತ ಹುಟ್ಟಿದ್ದು 1984ರಲ್ಲಿ, ಉತ್ತರ ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದಲ್ಲಿ. ಅದು ಕಲ್ಲಿದ್ದಲು ಗಣಿಗಳ ನಾಡು. ಪಕ್ಕದ ನಗರದ ರಿಯಲ್ ಓವಿಯೆಡೊ ಕ್ಲಬ್ಬಿನ ಬಾಲಕರ ತಂಡದಲ್ಲಿ ಬೆಳೆದ. ಆದರೆ 2003ರಲ್ಲಿ ಆ ಕ್ಲಬ್ ಸಾಲದಲ್ಲಿ ಮುಳುಗಿತು. ಆಟಗಾರರ ಸಂಬಳ ಬಾಕಿ ಉಳಿದುದರಿಂದ ತಂಡವನ್ನು ನಾಲ್ಕನೆಯ ದರ್ಜೆಗೆ ಇಳಿಸಲಾಯಿತು. ಹದಿನೆಂಟರ ಹುಡುಗ ಓವಿಯೆಡೊದ ಹಿರಿಯರ ತಂಡದಲ್ಲಿ ಒಂದು ಪಂದ್ಯವನ್ನೂ ಆಡದೆ ವಿಯಾರಿಯಲ್ ಎಂಬ ಪುಟ್ಟ ಪಟ್ಟಣದ ಕ್ಲಬ್ಬಿಗೆ ಹೊರಟ.

ಮುಂದಿನ ಏರಿಕೆ ಶೀಘ್ರವಾಗಿತ್ತು. 2006–07ರಲ್ಲಿ ರೆಕ್ರಿಯಾತಿವೊ ತಂಡದಲ್ಲಿ ಒಂದು ಋತು ಆಡಿ ಮತ್ತೆ ವಿಯಾರಿಯಲ್‌ಗೆ ಬಂದ. ಮರುವರ್ಷ ಆ ತಂಡ ಲೀಗಿನಲ್ಲಿ ಎರಡನೆಯ ಸ್ಥಾನ ಪಡೆಯಿತು. 2008ರ ಯೂರೋ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿಯ ವಿರುದ್ಧ ಪೆನಾಲ್ಟಿ ಹೊಡೆತಗಳ ಸರದಿ ಬಂದಾಗ ಕಸೋರ್ಲಾ ತನ್ನದನ್ನು ಗೋಲಾಗಿಸಿದ. 44 ವರ್ಷಗಳ ನಂತರ ಸ್ಪೇನ್ ಆ ಕಪ್ ಗೆದ್ದಿತು. ಗಾಯದಿಂದಾಗಿ 2010ರ ವಿಶ್ವಕಪ್ ತಪ್ಪಿತು. 2012ರ ಯೂರೋ ವಿಜಯದ ಬಳಿಕ ಲಂಡನ್ನಿನ ಆರ್ಸೆನಲ್ ಸೇರಿದ. 2014ರ ಎಫ್.ಎ. ಕಪ್ ಫೈನಲ್‌ನಲ್ಲಿ ಹಲ್ ಸಿಟಿ ಎದುರು 0–2ರಿಂದ ಹಿಂದಿದ್ದ ಆರ್ಸೆನಲ್‌ಗೆ ಉಸಿರು ಮರಳಿಸಿದ್ದು ಈತನ ಫ್ರೀ ಕಿಕ್. ಕೊನೆಗೆ ತಂಡ 3–2ರಿಂದ ಗೆದ್ದಿತು. ಮರುವರ್ಷ ತರಬೇತುದಾರ ಆರ್ಸೆನ್ ವೆಂಗರ್ ಆತನನ್ನು ಹಿಂದಕ್ಕೆ ತಂದು, ಆಟವನ್ನು ಕಟ್ಟುವ ಹೊಣೆ ಕೊಟ್ಟರು. ನನ್ನ ಮಟ್ಟಿಗೆ ಕಸೋರ್ಲಾನ ಅತ್ಯುತ್ತಮ ಆಟ ಅದೇ.

ಅಷ್ಟರಲ್ಲಿ ಬಲ ಪಾದದ ಹಳೆಯ ನೋವು ಬಲಿಯುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಆರ್ಸೆನಲ್ ಪರ ಕೊನೆಯ ಪಂದ್ಯ. ನಂತರ ಒಂದರ ಮೇಲೊಂದು ಶಸ್ತ್ರಚಿಕಿತ್ಸೆ. ಗಾಯದಲ್ಲಿ ಬ್ಯಾಕ್ಟೀರಿಯಾ ಸೇರಿ ಗ್ಯಾಂಗ್ರೀನ್ ಆಯಿತು. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಬಿಗಿಯುವ ಅಕಿಲಿಸ್ ಸ್ನಾಯುರಜ್ಜು ನಮ್ಮ ದೇಹದಲ್ಲೇ ಅತಿ ದಪ್ಪನೆಯದು. ಆದರೆ ಅದಕ್ಕೆ ರಕ್ತದ ಪೂರೈಕೆ ಕಡಿಮೆ. ರಕ್ತ ಹರಿಯದಲ್ಲಿಗೆ ಔಷಧಿಯೂ ಸುಲಭವಾಗಿ ಹೋಗದು. ಸೋಂಕು ಆ ರಜ್ಜುವಿನ ಸುಮಾರು 8 ಸೆಂಟಿಮೀಟರ್ ಭಾಗವನ್ನು ತಿಂದು ಹಾಕಿತ್ತು. ಮಗನ ಜೊತೆ ತೋಟದಲ್ಲಿ ನಡೆಯುವಂತಾದರೆ ಅಷ್ಟಕ್ಕೇ ತೃಪ್ತಿಪಡಬೇಕೆಂದು ವೈದ್ಯರು ಹೇಳಿದರು. ಸ್ಪೇನಿನ ವಿಟೋರಿಯಾ ನಗರದಲ್ಲಿ ರಜ್ಜುವನ್ನು ಪುನಃ ಕಟ್ಟಲಾಯಿತು. ಮುಚ್ಚಲು ಚರ್ಮ ಸಾಲದೆ ತೋಳಿನಿಂದ ತೆಗೆದು ಕಸಿ ಮಾಡಿದರು. ತೋಳಿನ ಮೇಲೆ ಮಗಳ ಹೆಸರಿನ ಹಚ್ಚೆ ಇತ್ತು. ಅದರ ಒಂದು ಭಾಗ ಈಗ ಕಾಲಿನ ಮೇಲಿದೆ.

2018ರಲ್ಲಿ ವಿಯಾರಿಯಲ್ ಆತನನ್ನು ಮತ್ತೆ ಸೇರಿಸಿಕೊಂಡಿತು. ಇದು ಹಳೆಯ ಪ್ರೀತಿಗೆ ಮಾಡಿದ ಉಪಕಾರವೆಂದು ಭಾವಿಸಿದವರಿಗೆ 2019ರ ಜನವರಿಯಲ್ಲಿ ಉತ್ತರ ಸಿಕ್ಕಿತು: ರಿಯಲ್ ಮ್ಯಾಡ್ರಿಡ್ ವಿರುದ್ಧ 2–2ರ ಪಂದ್ಯದ ಎರಡೂ ಗೋಲುಗಳು ಕಸೋರ್ಲಾನವು. ಅದೇ ವರ್ಷ ರಾಷ್ಟ್ರೀಯ ತಂಡದ ಕರೆಯೂ ಬಂತು. 2020ರಿಂದ ಮೂರು ವರ್ಷ ಕತಾರಿನಲ್ಲಿ ಆಡಿದ.

ಇತ್ತ ಓವಿಯೆಡೊ ಏನಾಗಿತ್ತು? 2012ರಲ್ಲಿ ಅದು ಮುಚ್ಚಿಹೋಗುವ ಹಂತಕ್ಕೆ ಬಂದಾಗ ಲೋಕದ ಅನೇಕ ಕಡೆಯ ಅಭಿಮಾನಿಗಳು 10.75 ಯೂರೋ ಬೆಲೆಯ ಷೇರುಗಳನ್ನು ಕೊಂಡು ಉಳಿಸಿದರು. ಕೊಂಡವರಲ್ಲಿ ಕಸೋರ್ಲಾನೂ ಇದ್ದ. 2023ರಲ್ಲಿ, 38ನೆಯ ವಯಸ್ಸಿನಲ್ಲಿ, ಎರಡನೆಯ ದರ್ಜೆಯಲ್ಲಿದ್ದ ಆ ಕ್ಲಬ್ಬಿಗೇ ಮರಳಿದ. ಸಂಬಳವಿಲ್ಲದೆ ಆಡುವ ಇಚ್ಛೆಯಿದ್ದರೂ ನಿಯಮ ಒಪ್ಪದ ಕಾರಣ ಕನಿಷ್ಠ ವೇತನ ಪಡೆದ. ತನ್ನ ಹೆಸರಿನ ಅಂಗಿಗಳ ಮಾರಾಟದ ಶೇಕಡಾ 10ರಷ್ಟು ಹಣ ಬಾಲಕರ ತಂಡಗಳಿಗೆ ಹೋಗಬೇಕೆಂದು ಕೇಳಿದ.

2024ರಲ್ಲಿ ಬಡ್ತಿಯ ಅಂತಿಮ ಹಂತದಲ್ಲಿ ಓವಿಯೆಡೊ ಎಸ್ಪಾನ್ಯೋಲ್‌ಗೆ ಸೋತಿತು. ಮರುವರ್ಷ ಮತ್ತೆ ಅದೇ ಹಂತ, ಎದುರಾಳಿ ಮಿರಾಂದೇಸ್. ಮೊದಲ ಸುತ್ತಿನಲ್ಲಿ 0–1ರ ಸೋಲು. 2025ರ ಜೂನ್ 21ರಂದು ತವರಿನ ಕಾರ್ಲೋಸ್ ತಾರ್ತಿಯೆರೆ ಮೈದಾನದಲ್ಲಿ ನಡೆದ ಮರುಪಂದ್ಯದಲ್ಲೂ ಮೊದಲ ಗೋಲು ಮಿರಾಂದೇಸ್‌ನದೇ. ಆಗ ಓವಿಯೆಡೊಗೆ ಪೆನಾಲ್ಟಿ ದೊರೆಯಿತು. ಚೆಂಡಿನ ಮುಂದೆ ಬಂದು ನಿಂತವನಿಗೆ 40 ವರ್ಷ. ಗೋಲಾಯಿತು. ಹೆಚ್ಚುವರಿ ಸಮಯದವರೆಗೆ ಬೆಳೆದ ಪಂದ್ಯ 3–1ರಲ್ಲಿ ಮುಗಿದಾಗ, 2001ರಲ್ಲಿ ಮೊದಲ ದರ್ಜೆಯಿಂದ ಇಳಿದಿದ್ದ ಓವಿಯೆಡೊ ಮತ್ತೆ ಮೇಲೇರಿತ್ತು.