ರೋಮನ್ ಒಡವೆ ಸಂಗ್ರಹ: ಹಾನಗಲ್ ಸೀಮೆ

ಪ್ರಾಚೀನ ರೋಮನ್ ಒಡವೆಗಳ ಸಂಗ್ರಹ ಯುರೋಪಿನಲ್ಲಿ ಬಹುಮಟ್ಟಿಗೆ ಕಂಚಿನ ಸಂಗ್ರಹ. ಉಂಗುರ, ಕಡಗ, ಹೊದೆದ ಬಟ್ಟೆಯನ್ನು ಹೆಗಲ ಬಳಿ ಸಿಗಿಸುವ ಫಿಬುಲಾ ಎಂಬ ಪಿನ್ನು ಅಲ್ಲಿನ ಹೊಲಗಳಲ್ಲಿ ಹೇರಳವಾಗಿ ಸಿಕ್ಕಿವೆ, ಆದ್ದರಿಂದಲೇ ಅಗ್ಗ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮಟ್ಟಿಗೆ ಈ ವಿಷಯ ಬೇರೆ ದಾರಿ ಹಿಡಿಯುತ್ತದೆ. ಇಲ್ಲಿ ರೋಮ್ ಒಡವೆಯ ರೂಪದಲ್ಲಿ ಉಳಿದಿರುವುದು ತೂತು ಕೊರೆದ ಬಂಗಾರದ ನಾಣ್ಯಗಳಲ್ಲಿ. ಹಾನಗಲ್ ತಾಲೂಕಿನ ಅಕ್ಕಿಆಲೂರಿನ ನಿಧಿ ಇದಕ್ಕೆ ಮುಖ್ಯ ಸಾಕ್ಷಿ. ಸಂಗ್ರಾಹಕರು ಕುಂದೆಂದು ಎಣಿಸುವ ಆ ತೂತೇ ಚರಿತ್ರೆಗೆ ನಾಣ್ಯದ ಅತಿ ಬೆಲೆಯುಳ್ಳ ಭಾಗ ಎಂಬುದು ಈ ಲೇಖನದ ನಿಲುವು.

ಕಂಚು ಏಕೆ ವಿರಳ

ರೋಮನ್ ಕಂಚು ದಖ್ಖನಿಗೆ ಬಂದೇ ಇಲ್ಲ ಎನ್ನುವಂತಿಲ್ಲ. ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ 1944–46ರ ನಡುವೆ ಹೊರಬಂದ ಪೊಸೈಡನ್‌ನ ಪುಟ್ಟ ಮೂರ್ತಿ, ಹೂಜಿ, ಕನ್ನಡಿ ಪ್ರಸಿದ್ಧವಾಗಿವೆ; ಅಲ್ಲಿ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಉತ್ಖನನ ನಡೆಸಿದರು. ಆದರೆ ಆ ನಿಧಿಗೆ ಹೆಸರು ತಂದವು ಪಾತ್ರೆ ಮತ್ತು ಮೂರ್ತಿ, ಒಡವೆಗಳಲ್ಲ. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿ ಭರುಕಚ್ಛ ಬಂದರಿನ ಆಮದುಗಳಲ್ಲಿ ತಾಮ್ರ, ತವರ, ಸೀಸ, ಹವಳ ಮತ್ತು ಚಿನ್ನ-ಬೆಳ್ಳಿಯ ನಾಣ್ಯಗಳನ್ನು ಹೆಸರಿಸುತ್ತದೆ. ಲೋಹ ಬಂದಿತು, ಅದನ್ನು ಒಡವೆಯಾಗಿಸುವ ಕೆಲಸಕ್ಕೆ ಇಲ್ಲಿಯೇ ಕುಶಲಕರ್ಮಿಗಳಿದ್ದರು. ಫಿಬುಲಾಕ್ಕಂತೂ ಗಿರಾಕಿಯೇ ಇರಲಾರದು. ಸುತ್ತಿ, ಸಿಕ್ಕಿಸಿ, ಗಂಟು ಹಾಕಿ ಉಡುವ ನಾಡಿನಲ್ಲಿ ಹೆಗಲ ಪಿನ್ನಿಗೆ ಏನು ಕೆಲಸ? ಹೀಗಾಗಿ ‘ಈ ಭಾಗದಲ್ಲೇ ಸಿಕ್ಕಿದ್ದು’ ಎಂದು ಮಾರಾಟಕ್ಕೆ ಬರುವ ರೋಮನ್ ಕಂಚಿನ ಪಿನ್ನನ್ನು, ಅದರ ಮೇಲಿನ ಹಸಿರು ಕಿಲುಬು ಎಷ್ಟೇ ನೈಜವಾಗಿ ಕಂಡರೂ, ಅನುಮಾನದಿಂದಲೇ ನೋಡಬೇಕು. ವಸ್ತು ಅಸಲಿಯೇ ಇರಬಹುದು. ಅದರ ಊರಿನ ಕತೆ ಅಸಲಿಯಾಗಿರುವ ಸಾಧ್ಯತೆ ಕಡಿಮೆ.

ಅಕ್ಕಿಆಲೂರು ನಿಧಿ

ಕರ್ನಾಟಕದ ರೋಮನ್ ನಾಣ್ಯಗಳೆಂದರೆ ಸಾಮಾನ್ಯವಾಗಿ ನೆನಪಾಗುವುದು ಬೆಳ್ಳಿ: 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ದಿನಾರಿಯಸ್‌ಗಳು, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ದೊರೆತ ಅಗಸ್ಟಸ್ ಮತ್ತು ಟೈಬೀರಿಯಸ್‌ರ ನಾಣ್ಯಗಳು. ಅವು ಸಾತವಾಹನ ಕಾಲದವು. ಅಕ್ಕಿಆಲೂರಿನದು ಬೇರೆಯೇ ಲೋಕ. ಅಲ್ಲಿನ ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳಲ್ಲಿ ಬಹುಪಾಲು ಕಾನ್ಸ್‌ಟಾಂಟಿನೋಪಲ್ಲಿನಿಂದ ಆಳಿದ ಚಕ್ರವರ್ತಿಗಳ ಸಾಲಿಡಸ್‌ಗಳು ಅಥವಾ ಅವುಗಳ ಅನುಕರಣೆಗಳು. ಇಮ್ಮಡಿ ಥಿಯೋಡೋಸಿಯಸ್‌ನಿಂದ (408–450) ಒಂದನೆಯ ಜಸ್ಟಿನ್‌ವರೆಗೆ (518–527) ಅವುಗಳ ಸಾಲು ಹಬ್ಬಿದೆ. ಅದಕ್ಕೂ ಬಹಳ ಹಿಂದಿನ ಸೆಪ್ಟಿಮಿಯಸ್ ಸೆವೆರಸ್‌ನ ಮಾದರಿಯವೂ ಸೇರಿವೆಯೆಂದು ನಾಣ್ಯತಜ್ಞರ ಪಟ್ಟಿಗಳು ಹೇಳುತ್ತವೆ. ಥಿಯೋಡೋಸಿಯಸ್‌ನಿಂದ ಜಸ್ಟಿನ್‌ವರೆಗಿನ ಅವಧಿ ಇಲ್ಲಿ ಬನವಾಸಿಯ ಕದಂಬರ ಕಾಲ. ಅವರ ರಾಜಧಾನಿ ನೆರೆಯಲ್ಲೇ ವರದಾ ತೀರದಲ್ಲಿತ್ತು. ಅದೇ ಹೊಳೆ ಮುಂದೆ ಹಾನಗಲ್ ಸೀಮೆಗೆ ಹರಿದು ಬರುತ್ತದೆ. ಘಟ್ಟದಾಚೆಯ ಕರಾವಳಿ ಮಲಬಾರಿನ ಮೆಣಸಿನ ವ್ಯಾಪಾರದ ಹಾದಿಯಲ್ಲಿತ್ತು. ರೋಮನ್ ಚಿನ್ನದ ನಾಣ್ಯಕ್ಕೆ ಲೋಕದ ಎಲ್ಲೆಡೆ ಮನ್ನಣೆಯಿದೆ ಎಂದು ಆರನೆಯ ಶತಮಾನದ ಕೋಸ್ಮಸ್ ಇಂಡಿಕೊಪ್ಲಿಯಸ್ಟಸ್ ಹೆಮ್ಮೆಯಿಂದ ಬರೆದ. ಆ ಮನ್ನಣೆ ಇಲ್ಲಿ ಸಂತೆಯ ಚಲಾವಣೆಗಿಂತ ಕೊರಳಿಗೆ ಸೇರಿದ್ದೆಂದು ತೋರುತ್ತದೆ. ಸುಮಾರು ನಾಲ್ಕೂವರೆ ಗ್ರಾಂ ತೂಗುವ ಚಿನ್ನದ ಬಿಲ್ಲೆ ದಿನಬಳಕೆಯ ಹಣವಾಗುವುದು ಕಷ್ಟವೇ.

ತೂತಿನ ಸಾಕ್ಷ್ಯ

ದಕ್ಷಿಣ ಭಾರತದಲ್ಲಿ ಸಿಕ್ಕ ಈ ಕಾಲದ ಅನೇಕ ಚಿನ್ನದ ನಾಣ್ಯಗಳಿಗೆ, ಅಕ್ಕಿಆಲೂರಿನವೂ ಸೇರಿ, ಒಂದರ ಪಕ್ಕ ಒಂದರಂತೆ ಎರಡು ತೂತುಗಳಿವೆ. ಅವು ಸಾಮಾನ್ಯವಾಗಿ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲೇ ಬೀಳುತ್ತವೆ. ದಾರ ಪೋಣಿಸಿದರೆ ಮುಖ ನೆಟ್ಟಗೆ ನಿಲ್ಲುತ್ತದೆ. ಒಂದೇ ತೂತಿದ್ದರೆ ಬಿಲ್ಲೆ ತಿರುಗಿ ಬೆನ್ನು ತೋರಿಸಬಹುದು, ಎರಡಿದ್ದರೆ ಸಮತಟ್ಟಾಗಿ ಕೂರುತ್ತದೆ. ಅಂದರೆ ತೂತು ಹೊಡೆದವನಿಗೆ ಯಾವ ಮುಖ ಕಾಣಬೇಕೆಂಬ ಖಚಿತ ಕಲ್ಪನೆ ಇತ್ತು, ಗ್ರೀಕ್ ಅಥವಾ ಲ್ಯಾಟಿನ್ ಓದಲು ಬಾರದಿದ್ದರೂ. ಮೊಳೆಯಿಂದ ಹೊಡೆದ ತೂತಿಗೆ ಹೊರಬಂದ ಬದಿಯಲ್ಲಿ ಅಂಚು ಉಬ್ಬಿರುತ್ತದೆ. ಯಾವ ಕಡೆಯಿಂದ ಏಟು ಬಿತ್ತೆಂಬುದು ಅದರಿಂದ ತಿಳಿಯುತ್ತದೆ. ಬಹುಕಾಲ ತೊಟ್ಟಿದ್ದರೆ ದಾರ ಎಳೆದ ಕಡೆಗೆ ತೂತು ಸವೆದು ಉದ್ದವಾಗುತ್ತದೆ. ಮೈಗೆ ತಾಗುವ ಹಿಂಬದಿಯ ಉಬ್ಬುಚಿತ್ರ ಮುಂಬದಿಗಿಂತ ಬೇರೆ ರೀತಿ ನಯವಾಗುತ್ತದೆ. ಇವೆಲ್ಲ ಭೂತಗನ್ನಡಿಯಲ್ಲಿ ಕಾಣುವ ವಿವರಗಳು.

ಈ ನಾಣ್ಯಗಳನ್ನು ಅಂದೇ ಒಡವೆಯಾಗಿ ತೊಟ್ಟರೆಂಬ ವಾದಕ್ಕೆ ಎರಡು ಆಕ್ಷೇಪಗಳಿವೆ. ತೂತುಗಳು ಬಹಳ ಈಚಿನವು, ಯಾವನೋ ಪತ್ತಾರ ಪುತಳಿ ಸರಕ್ಕಾಗಿ ಹೊಡೆದದ್ದು ಎಂಬುದು ಮೊದಲನೆಯದು. ವೆನಿಸ್ಸಿನ ಡುಕಾಟುಗಳೂ ಅವುಗಳ ನಕಲುಗಳೂ ನಮ್ಮಲ್ಲಿ ಕೊರಳ ಸರಗಳಿಗೆ ಸೇರಿದ್ದು ನಿಜವಾದ್ದರಿಂದ ಈ ಶಂಕೆ ಸಹಜ. ಆದರೆ ಒಂದೇ ಬಗೆಯ ಜೋಡಿ ತೂತು ದೂರ ದೂರದ ನಿಧಿಗಳಲ್ಲಿ, ಅಸಲಿ ಮತ್ತು ಅನುಕರಣೆ ಎರಡರಲ್ಲೂ ಕಾಣುವುದನ್ನು ಈಚಿನ ಪತ್ತಾರರ ಕೆಲಸವೆಂದು ವಿವರಿಸುವುದು ಕಷ್ಟ. ಎರಡನೆಯದು, ತೂತು ಬರೀ ಹಣವನ್ನು ಕಟ್ಟಿಡುವ ಉಪಾಯ ಎಂಬುದು. ಭದ್ರವಾಗಿ ಕಟ್ಟಲು ನಡುವೆ ಒಂದು ತೂತು ಸಾಕಿತ್ತು; ಮುಖ ಕೆಡದಂತೆ ಮೇಲಂಚಿನಲ್ಲಿ ಎರಡನ್ನು ಕೊರೆಯುವ ಶ್ರಮ ಬೇಕಿರಲಿಲ್ಲ. ಮೇಲಾಗಿ ಕೂಡಿಟ್ಟ ಹಣ ಮತ್ತು ತೊಟ್ಟ ಒಡವೆ ಪರಸ್ಪರ ವಿರುದ್ಧವೆಂದು ಭಾವಿಸಬೇಕಿಲ್ಲ, ಬಂಗಾರದ ವಿಷಯದಲ್ಲಿ ನಮ್ಮ ಮನೆಗಳು ಇಂದಿಗೂ ಹಾಗೆ ಭಾವಿಸಿಲ್ಲ. ಅನುಕರಣೆಗಳೂ ಒಡವೆಯ ಬಳಕೆಯನ್ನೇ ಸೂಚಿಸುತ್ತವೆ. ಅವುಗಳ ಅಕ್ಷರ ಅರ್ಥವಿಲ್ಲದ ಗೀಟುಗಳಾಗಿದ್ದರೂ ಮುಖ ಮಾತ್ರ ಉಳಿದಿದೆ. ತೆಲಂಗಾಣದ ಕೊಂಡಾಪುರದಲ್ಲಿ ಸಿಕ್ಕ, ರೋಮನ್ ನಾಣ್ಯದ ಅಚ್ಚೊತ್ತಿದ ಮಣ್ಣಿನ ಬಿಲ್ಲೆಗಳನ್ನು ನೋಡಿದರೆ, ಬಂಗಾರ ಎಟುಕದವರಿಗೂ ಆ ಮುಖದ ಮೇಲೆ ಆಸೆ ಇದ್ದಂತಿದೆ.

ಸಂಗ್ರಹ ಮತ್ತು ಕಾನೂನು

ಮಾರುಕಟ್ಟೆಯಲ್ಲಿ ತೂತುಬಿದ್ದ ಸಾಲಿಡಸ್‌ಗೆ ಇಡಿಯಾದುದಕ್ಕಿಂತ ಕಡಿಮೆ ಬೆಲೆ. ಅದಕ್ಕಾಗಿ ತೂತಿಗೆ ಚಿನ್ನ ತುಂಬಿ, ಬೆಸೆದು, ಉಜ್ಜಿ ಮಾರುವ ಚಾಳಿಯಿದೆ. ಹೀಗೆ ‘ದುರಸ್ತಿ’ಯಾದ ಬಿಲ್ಲೆ ದಖ್ಖನಿನ ಒಡವೆಯಾಗಿದ್ದ ತನ್ನ ಗುರುತನ್ನು ಕಳೆದುಕೊಂಡು ಮತ್ತೊಂದು ಸಾಧಾರಣ ಸಾಲಿಡಸ್ ಆಗುತ್ತದೆ. ನೆಲದಲ್ಲಿ ಸಿಕ್ಕ ನಿಧಿಗೆ ಕರ್ನಾಟಕದ 1962ರ ನಿಧಿ ಕಾಯ್ದೆ ಅನ್ವಯವಾಗುತ್ತದೆ. ಸಿಕ್ಕವರು ಸರ್ಕಾರಕ್ಕೆ ತಿಳಿಸಲೇಬೇಕು. 1976ರಲ್ಲಿ ಜಾರಿಗೆ ಬಂದ 1972ರ ಪ್ರಾಚ್ಯವಸ್ತು ಕಾಯ್ದೆ ನೂರು ವರ್ಷಕ್ಕೂ ಹಳೆಯ ನಾಣ್ಯ, ಒಡವೆಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದನ್ನು ತಡೆಯುತ್ತದೆ, ವ್ಯಾಪಾರಕ್ಕೆ ಪರವಾನಗಿ ಕೇಳುತ್ತದೆ.

ಸೀಮೆಯ ಉಳಿದ ತಾಲೂಕುಗಳ ಮಾತು ಬೇರೆ. ಶಿಗ್ಗಾಂವಿ ತಾಲೂಕಿನ ಬಂಕಾಪುರ, ನವಾಬರ ಸವಣೂರು ನಾಣ್ಯಾಸಕ್ತರನ್ನು ಸೆಳೆಯುವುದು ಬಹಳ ಈಚಿನ ಶತಮಾನಗಳಿಂದಾಗಿ. ಹಿರೇಕೆರೂರು ಸೀಮೆಗೆ ತಾಳಗುಂದದ ಕದಂಬ ಶಾಸನ ನೆರೆಯದು. ಅಕ್ಕಿಆಲೂರಿನ ಬಂಗಾರಕ್ಕೆ ಕಾಲದ ಚೌಕಟ್ಟು ಒದಗಿಸುವುದು ಮುಖ್ಯವಾಗಿ ಅಂಥ ಶಾಸನಗಳೇ.